ಹಳೆ ತಗಡಿನ ರೈಲು: ಕೀಲಿಯದ್ದೋ, ಕರೆಂಟಿನದ್ದೋ?

ಚಿಕ್ಕಬಳ್ಳಾಪುರದ ನ್ಯಾರೋಗೇಜ್ ರೈಲು ನೋಡಿ ಬೆಳೆದವರಿಗೆ ಹಳೆ ತಗಡಿನ ಆಟಿಕೆ ರೈಲು ಕೊಳ್ಳೋ ಆಸೆ ಸಹಜ ಅಲ್ವಾ? ಮೊದಲ ಸಲ ಕೊಳ್ಳುವವರು ಕೀಲಿ ಕೊಡುವ ಹಾರ್ನ್‌ಬಿಯನ್ನೇ ತಗೊಳ್ಳಿ. 1920ರಿಂದ ಇಂಗ್ಲೆಂಡಿನಲ್ಲಿ ತಯಾರಾದ ರೈಲು. ಸ್ಪ್ರಿಂಗ್ ಗಟ್ಟಿ ಇದ್ದರೆ ಎರಡು ಹಳಿ ಸಾಕು, ಓಡುತ್ತದೆ. ಹೆಚ್ಚಿನವುಗಳಲ್ಲಿ ಭಾಗಗಳನ್ನು ಜೋಡಿಸಲು ತಗಡಿನ ಸಣ್ಣ ಕಿವಿಗಳನ್ನು ಸೀಳಿನೊಳಗೆ ತೂರಿಸಿ ಮಡಚಿರುತ್ತಾರೆ. ಆ ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ತುಕ್ಕು ಅಡಗಿ ಕೂರುವ ಜಾಗ ಅದು.

ಕರೆಂಟಿನದ್ದು ನಿಲ್ಲದೆ ಸುತ್ತುತ್ತದೆ, ನೋಡೋಕೆ ಬಲು ಸೊಗಸು. ಆದರೆ ಸಾಮಾನ್ಯವಾಗಿ ಮಧ್ಯೆ ಮೂರನೇ ಹಳಿ ಬೇಕು, ಟ್ರಾನ್ಸ್‌ಫಾರ್ಮರ್ ಬೇಕು, ಖರ್ಚೂ ಜಾಸ್ತಿ. ತೀರಾ ಹಳೆಯ ಕೆಲವು ನೇರ ಮನೆ ಕರೆಂಟಿನಲ್ಲೇ ಓಡುವಂಥವು. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಯಾವುದಾದರೂ ಸರಿ, ಹೊಸದಾಗಿ ಪೇಂಟ್ ಹೊಡೆದದ್ದನ್ನು ಬಿಡಿ. ಸಂಗ್ರಹಕಾರರು ಬೆಲೆ ಕೊಡುವುದು ಮಾಸಿದ ಮೂಲ ಬಣ್ಣಕ್ಕೇ.