ವಿ-ಕ್ರಾಸ್: ಎರಡು ಮೂಟೆ ಮರಳು, ಒಂದು ಟಿಲ್ಲರ್ ಮತ್ತು ನಿಧಾನದ ಗೇರು

ಪಿಕಪ್ ಕೊಳ್ಳಬೇಕು, ಟೊಯೊಟಾದ ಹೈಲಕ್ಸ್ ಒಳ್ಳೆಯದೋ ಇಸುಜುವಿನ ವಿ-ಕ್ರಾಸ್ ಒಳ್ಳೆಯದೋ ಎಂದು ವಿಚಾರಿಸಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಅವರ ಮನೆ ಮುಂದಿನ ಬೀದಿ ಎಷ್ಟು ಅಗಲವಿದೆ ಎಂದು. ಎಂಜಿನ್ನಿನ ಮಾತು ಆಮೇಲೆ. ಐದೂಕಾಲು ಮೀಟರಿಗೂ ಉದ್ದದ ಗಾಡಿಯನ್ನು ನಮ್ಮ ಊರೊಳಗೆ ತಿರುಗಿಸಲು ಚಾಲಕನೊಬ್ಬನಿಂದ ಆಗುವುದಿಲ್ಲ. ಒಬ್ಬರು ಎಮ್ಮೆ ಬಿಚ್ಚಿ ಆಚೆ ಕಟ್ಟಬೇಕು, ಇನ್ನೊಬ್ಬರು ಬೈಕು ಸರಿಸಬೇಕು, ಜಗಲಿಯ ಮೇಲೆ ಕುಳಿತ ಹಿರಿಯರು ‘ಬಾ, ಬಾ, ಇನ್ನೂ ಬಾ’ ಎನ್ನುತ್ತಿರಬೇಕು. ಹಾಗೆ ಅನ್ನುವವರು ‘ಸಾಕು’ ಎನ್ನುವುದು ಸಾಮಾನ್ಯವಾಗಿ ಗೋಡೆ ತಗುಲಿದ ಮೇಲೆ.

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಎರಡೂವರೆ ಲೀಟರ್ ಡೀಸೆಲ್ ಎಂಜಿನ್, ಐದು ಗೇರು. ಬೆಂಗಳೂರಿನಲ್ಲಿ ಕಚೇರಿಗೆ ಹೋಗಿಬರಲು ಬಳಸುತ್ತಿದ್ದವರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಇದು ತಯಾರಾದ ಕಾರ್ಖಾನೆ ಆಂಧ್ರದ ಶ್ರೀಸಿಟಿಯಲ್ಲಿದೆ. ನಮ್ಮ ಕಡೆಯಿಂದ ಬಹಳ ದೂರವೇನಲ್ಲ. ಕುದುರೆಶಕ್ತಿ, ಟಾರ್ಕ್‌ಗಳ ಪಟ್ಟಿಯನ್ನು ಎಲ್ಲರೂ ನೋಡಿಯೇ ಇರುತ್ತೀರಿ, ಅದನ್ನು ಬಿಡುತ್ತೇನೆ.

ನನ್ನ ಅಗತ್ಯ ಸ್ವಲ್ಪ ವಿಚಿತ್ರವಾದದ್ದು. ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ಪೆರೇಸಂದ್ರದಿಂದ ಆಚೆ, ಗುಡ್ಡದ ಬುಡದಲ್ಲಿ ದಿಲ್‌ಖುಷ್ ದ್ರಾಕ್ಷಿ ತೋಟವಿದೆ. ಗುಡ್ಡದ ಆ ಬದಿಗೆ, ಪಾಲಿಗೆ ಬಂದ ಇನ್ನೊಂದು ತುಂಡು ಹೊಲದಲ್ಲಿ ಹಿಪ್ಪುನೇರಳೆ ಹಾಕಿದ್ದೇವೆ. ಎರಡಕ್ಕೂ ಇರುವುದು ಒಂದೇ ಪವರ್ ಟಿಲ್ಲರ್, ಅಂದರೆ ಹಿಡಿ ಹಿಡಿದು ಉಳುವ ಯಂತ್ರ. 400 ಕಿಲೋಗೂ ಹೆಚ್ಚು ತೂಗುವ ಅದನ್ನು ರಸ್ತೆಯ ಮೇಲೆ ಅದರಷ್ಟಕ್ಕೇ ಓಡಿಸಿಕೊಂಡು ಸುತ್ತು ಹಾಕಿದರೆ ಅರ್ಧ ದಿನ ಹೋಗುತ್ತದೆ. ಗುಡ್ಡದ ಸಂದಿಯ ಬಂಡಿ ದಾರಿ ಹಿಡಿದರೆ ಹತ್ತಿರ. ಆದರೆ ಅದು ದಾರಿ ಎನ್ನುವುದು ಕಂದಾಯ ಇಲಾಖೆಯ ನಕಾಶೆಯಲ್ಲಿ ಮಾತ್ರ. ನೆಲದ ಮೇಲೆ ಮೊದಲು ಹಾಸುಬಂಡೆ, ಆಮೇಲೆ ಸಡಿಲ ಜಲ್ಲಿ, ಕೊನೆಗೆ ಮಳೆನೀರು ಕೊರೆದ ಕೊರಕಲು.

ಬೇರೆ ಗಾಡಿಗಳನ್ನು ನೋಡಲಿಲ್ಲವೆಂದಲ್ಲ. ಹೈಲಕ್ಸ್ 2022ರಲ್ಲಿ ನಮ್ಮಲ್ಲಿ ಬಿಡುಗಡೆಯಾದಾಗ ಶೋರೂಂ ಬೆಲೆಯೇ 34 ಲಕ್ಷದ ಹತ್ತಿರದಿಂದ ಶುರುವಾಗಿತ್ತು. ದ್ರಾಕ್ಷಿಗೆ ಎಂದಾದರೂ ಅಂಥ ಬೆಲೆ ಬಂದರೆ ಮುಂದಿನ ಮಾತು. ಬೊಲೆರೊ ಕ್ಯಾಂಪರಿನಲ್ಲೂ ನಾಲ್ಕು ಚಕ್ರಕ್ಕೂ ಎಳೆತ ಇರುವ ಮಾದರಿ ಇದೆ, ಬೆಲೆಯೂ ಕೈಗೆಟುಕುತ್ತದೆ, ಹೋಬಳಿಗೊಬ್ಬ ಮೆಕ್ಯಾನಿಕ್ ಸಿಗುತ್ತಾನೆ. ಬರೀ ಹೊಲದ ಕೆಲಸಕ್ಕಾದರೆ ಅದನ್ನೇ ತೆಗೆದುಕೊಳ್ಳಿ ಎಂದು ಈಗಲೂ ಹೇಳುತ್ತೇನೆ. ನನಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸಂಸಾರ ಸಮೇತ ಬೆಂಗಳೂರಿಗೂ ಹೋಗಿಬರಬೇಕಿತ್ತು.

ಇನ್ನು ಈ ಗಾಡಿಯನ್ನು ನಾನೇಕೆ ಮಾರುವುದಿಲ್ಲ ಎಂಬ ವಿಷಯ. ಗೇರ್ ಲಿವರಿನ ಹತ್ತಿರ ಒಂದು ಗುಂಡನೆಯ ತಿರುಗುಗುಂಡಿ ಇದೆ. ಮೂರು ಸ್ಥಾನ: ಟೂ ಹೈ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ), ಫೋರ್ ಹೈ (ನಾಲ್ಕು ಚಕ್ರಕ್ಕೂ ಎಳೆತ), ಫೋರ್ ಲೋ (ನಾಲ್ಕು ಚಕ್ರಕ್ಕೂ ಎಳೆತ, ಜೊತೆಗೆ ನಿಧಾನದ ಗೇರು). ಟೂ ಹೈಯಿಂದ ಫೋರ್ ಹೈಗೆ ಗಾಡಿ ಓಡುತ್ತಿರುವಾಗಲೇ ಬದಲಿಸಬಹುದು. ಫೋರ್ ಲೋ ಬೇಕೆಂದರೆ ಪೂರ್ತಿ ನಿಲ್ಲಿಸಿ, ಕ್ಲಚ್ ತುಳಿದು, ನ್ಯೂಟ್ರಲಿಗೆ ತಂದು ತಿರುಗಿಸಬೇಕು. ಕಾಲ ಕೆಳಗೆಲ್ಲೋ ಕಟಕ್ ಎನ್ನುತ್ತದೆ, ಮಿನುಗುತ್ತಿದ್ದ ದೀಪ ನಿಂತು ಉರಿಯುತ್ತದೆ. ಅಲ್ಲಿಂದ ಮುಂದೆ ಗಾಡಿಯ ಸ್ವಭಾವವೇ ಬೇರೆ. ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ.

ಹತ್ತುವುದನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಗೆದ್ದದ್ದು ಇದು ಇಳಿಯುವ ರೀತಿ. ಹಿಂದೆ ಟಿಲ್ಲರ್ ಹೊತ್ತ ಟ್ರೈಲರ್, ಮುಂದೆ ಜಲ್ಲಿಯ ಇಳಿಜಾರು. ಫೋರ್ ಲೋದಲ್ಲಿ ಮೊದಲ ಗೇರು ಹಾಕಿ ಎರಡೂ ಪಾದಗಳನ್ನು ಪೆಡಲುಗಳಿಂದ ತೆಗೆದು ನೆಲದ ಮೇಲೆ ಇಟ್ಟುಬಿಡುತ್ತೇನೆ. ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಮುಂದೆ ಕಲ್ಲು ಸರಿಸುತ್ತಾ ನಡೆಯುವ ಆಳಿನ ಹಿಂದೆ, ಅವನ ನಡಿಗೆಯ ವೇಗದಲ್ಲೇ ಗಾಡಿ ಇಳಿಯುತ್ತದೆ. ಸಡಿಲ ಜಲ್ಲಿಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಹಿಂದಿನ ಭಾರ ತಳ್ಳಿ, ಟ್ರೈಲರ್ ಅಡ್ಡ ತಿರುಗಿ ಮಡಚಿಕೊಳ್ಳುವ ಅಪಾಯವಿದೆ. ಎಂಜಿನ್ನಿನ ತಡೆಯಾದರೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ, ಚಕ್ರಗಳು ಉರುಳುತ್ತಲೇ ಇರುತ್ತವೆ, ಸ್ಟಿಯರಿಂಗ್ ಕೈಯಲ್ಲೇ ಉಳಿಯುತ್ತದೆ. ಮೊದಮೊದಲು ಬಲಗಾಲು ತಾನಾಗಿಯೇ ಬ್ರೇಕಿನ ಕಡೆಗೆ ಹೋಗುತ್ತಿತ್ತು. ಈಗ ಆ ಇಳಿಜಾರಿನಲ್ಲಿ ಕಡಲೆಕಾಯಿ ಸುಲಿದು ತಿನ್ನುತ್ತಾ ಬರುವಷ್ಟು ನೆಮ್ಮದಿ.

ಕೊರಕಲಿನಲ್ಲಿ ಮಾತ್ರ ಬುದ್ಧಿ ಉಪಯೋಗಿಸಬೇಕು. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಗಾಳಿಯಲ್ಲಿ ತೂಗಿದರೆ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೂ ನಿಂತುಬಿಡುತ್ತದೆ, ಏಕೆಂದರೆ ಸಾಮಾನ್ಯ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ) ಸುಲಭವಾಗಿ ಸುತ್ತುವ ಚಕ್ರಕ್ಕೇ ಬಲವನ್ನು ಕೊಟ್ಟುಬಿಡುತ್ತದೆ. ಹೈಲಕ್ಸಿನಲ್ಲಿ ಹಿಂದಿನ ಡಿಫರೆನ್ಷಿಯಲಿಗೆ ಎರಡೂ ಚಕ್ರಗಳನ್ನು ಒಟ್ಟಿಗೆ ಸುತ್ತಿಸುವ ಲಾಕ್ ಇದೆ. ನನ್ನದರಲ್ಲಿ ಇಲ್ಲ. ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲಿನಷ್ಟು ಮೇಲಕ್ಕೆಳೆದು ನಿಧಾನವಾಗಿ ಆಕ್ಸಿಲರೇಟರ್ ಒತ್ತುತ್ತೇನೆ; ಸುಮ್ಮನೆ ಸುತ್ತುತ್ತಿದ್ದ ಚಕ್ರಕ್ಕೆ ತಡೆ ಬಿದ್ದು, ನೆಲದ ಮೇಲಿರುವ ಚಕ್ರಕ್ಕೂ ಒಂದಿಷ್ಟು ಬಲ ಸಿಗುತ್ತದೆ. ಹೆಚ್ಚಿನ ಸಲ ಅಷ್ಟು ಸಾಕಾಗುತ್ತದೆ. ಸಾಕಾಗದಿದ್ದರೆ ಗುದ್ದಲಿ ಇದೆ.

ಹೊಸಬರಿಗೆ ಒಂದು ಮಾತು: ಒಣ ಡಾಂಬರು ರಸ್ತೆಯಲ್ಲಿ ಗತ್ತಿಗೆಂದು ಫೋರ್ ಹೈ ಹಾಕಿ ಓಡಿಸಬೇಡಿ. ಇಂಥ ಗಾಡಿಗಳಲ್ಲಿ ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಎರಡೂ ಬೇರೆ ಬೇರೆ ದೂರ ಕ್ರಮಿಸಬೇಕು. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ, ಡಾಂಬರು ಜಾರಲು ಬಿಡುವುದಿಲ್ಲ. ಸ್ಟಿಯರಿಂಗ್ ಬಿಗಿದುಕೊಂಡು, ಒಳಗಿನ ಗೇರುಗಳ ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ.

ಬೆಳಗಿನ ಕ್ರಮ ಹೀಗಿದೆ. ಕೀಲಿ ಅರ್ಧ ತಿರುಗಿಸಿ, ಡೀಸೆಲ್ ಎಂಜಿನ್ನಿನ ಒಳಗು ಹೊತ್ತಿಕೊಳ್ಳುವಷ್ಟು ಬಿಸಿಯಾಗಿದೆ ಎಂದು ತಿಳಿಸುವ ಸುರುಳಿಯಾಕಾರದ ಕಿತ್ತಳೆ ದೀಪ ಆರುವವರೆಗೆ ಕಾಯುತ್ತೇನೆ. ಧನುರ್ಮಾಸದ ಚಳಿಯಲ್ಲಿ ಆ ದೀಪ ಆರಲು ಒಂದು ಕ್ಷಣ ಹೆಚ್ಚು ಹಿಡಿಯುತ್ತದೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು ಟಯರುಗಳನ್ನು ನೋಡಿ, ಹಿಂದಿನ ಬಾಡಿಯಲ್ಲಿರುವ ಎರಡು ಮರಳಿನ ಮೂಟೆಗಳನ್ನು ಕಾಲಿನಿಂದ ಒತ್ತಿ, ಜಾಗ ಬಿಟ್ಟಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಈ ಮೂಟೆಗಳ ಕಥೆಯನ್ನು ಹೇಳಲೇಬೇಕು. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಭಾರ ಹೊರಲೆಂದೇ ಇರುವಂಥವು. ಭಾರವಿಲ್ಲದಿದ್ದರೆ ಅವು ಬಗ್ಗುವುದಿಲ್ಲ. ರಸ್ತೆಯ ಉಬ್ಬು ನೇರವಾಗಿ ಬೆನ್ನುಮೂಳೆಗೆ ಬರುತ್ತದೆ. ಇದು ಈ ಗಾಡಿಯೊಂದರದ್ದೇ ದೋಷವಲ್ಲ, ಪಿಕಪ್ ಜಾತಿಯ ಗುಣ. ಎರಡು ಮೂಟೆಗಳನ್ನು ಹಿಂದಿನ ಆಕ್ಸಲಿನ ನೇರಕ್ಕೆ, ತುಸು ಮುಂದಕ್ಕೇ ಇಟ್ಟರೆ ಕುಲುಕಾಟ ಅರ್ಧ ಇಳಿಯುತ್ತದೆ, ಮಳೆಯಲ್ಲಿ ಹಿಂಬದಿ ಜಾರುವುದೂ ಕಡಿಮೆ. ಹಿಂಬಾಗಿಲಿನ ಹತ್ತಿರ ಇಟ್ಟರೆ ಮುಂಭಾಗ ಹಗುರವಾಗಿ ಸ್ಟಿಯರಿಂಗ್ ತೇಲಿದಂತಾಗುತ್ತದೆ.

ಹಿಂಬಾಗಿಲಿನ ಬಗ್ಗೆ ನಾಲ್ಕು ಸಾಲು ಹೆಚ್ಚಿಗೆ ಬರೆದರೆ ಬೇಸರ ಬೇಡ. ಅದನ್ನು ಇಳಿಸಿದರೆ ಸರಿಯಾಗಿ ಸೊಂಟದ ಎತ್ತರಕ್ಕೆ ಒಂದು ಮೇಜು. ಕೊಯ್ಲಿನ ದಿನಗಳಲ್ಲಿ ಅದರ ಮೇಲೆ ಒಂದು ಕಡೆ ಗೊಂಚಲು ಕತ್ತರಿಸುವ ಕತ್ತರಿಗಳು, ಮಧ್ಯದಲ್ಲಿ ಕ್ರೇಟುಗಳ ಲೆಕ್ಕದ ಪುಸ್ತಕ, ಇನ್ನೊಂದು ಕಡೆ ಉಪ್ಪಿಟ್ಟಿನ ಡಬ್ಬ. ಒಡೆದ ಹಣ್ಣುಗಳನ್ನು ಹೆಂಗಸರು ಅದರ ಮೇಲೆಯೇ ಆರಿಸುತ್ತಾರೆ. ಶನಿವಾರದ ಬಟವಾಡೆಯೂ ಅಲ್ಲೇ. ದ್ರಾಕ್ಷಿ ರಸ ಒಣಗಿ ಬಣ್ಣ ಹಿಡಿದು ಆ ತಗಡಿನ ಒಂದು ಮೂಲೆ ಕಂದಾಗಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಈಗ ಉಜ್ಜುವುದನ್ನೇ ಬಿಟ್ಟಿದ್ದೇನೆ.

ಇಲ್ಲಿಯವರೆಗೆ ಓದಿ ಇವನಿಗೆ ಎಲ್ಲವೂ ಸುಖವೇ ಎಂದುಕೊಂಡರೆ, ಟ್ರೈಲರ್ ಎಳೆಯುವ ಕೊಂಡಿಯ ಕಥೆ ಕೇಳಿ. ನಮ್ಮ ದೇಶದಲ್ಲಿ ಪಿಕಪ್ ಮಾರುವವರು ಹಿಂದೆ ಏನನ್ನಾದರೂ ಕಟ್ಟಿ ಎಳೆಯುತ್ತೀರಾ ಎಂದು ಕೇಳುವುದು ಅಪರೂಪ. ಕೊಂಡಿಯನ್ನು ಹೊರಗೆ ಮಾಡಿಸಬೇಕು. ಹೆಸರು ಬೇಡ, ಹೆದ್ದಾರಿ ಪಕ್ಕದ ಒಂದು ವರ್ಕ್‌ಶಾಪಿನವರು ‘ಸಾರ್, ಲಾರಿಗೇ ಮಾಡಿಕೊಟ್ಟಿದ್ದೇವೆ’ ಎಂದು ಹೇಳಿ, ಕಪ್ಪು ಬಣ್ಣ ಹೊಡೆದು ಹೊಳೆಯುವ ಕೊಂಡಿ ಹಾಕಿಕೊಟ್ಟರು. ಬೆಲೆಯೂ ಹೊಳೆಯುವಂಥದ್ದೇ. ಕೆಲವು ತಿಂಗಳಾದ ಮೇಲೆ ಗಾಡಿ ತೊಳೆಯುವಾಗ ಕೆಳಗೆ ಬಗ್ಗಿ ನೋಡಿದರೆ, ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು, ಬಿರುಕಿನ ಬಾಯಲ್ಲಿ ಕೆಂಪು ತುಕ್ಕು. ಕೊಂಡಿಯನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸಿರಲಿಲ್ಲ. ಬಂಪರ್ ಹಿಡಿದಿರುವ ತೆಳು ಪಟ್ಟಿಗೆ ಬೆಸೆದಿದ್ದರು. ಗುಡ್ಡದ ಇಳಿಜಾರಿನಲ್ಲಿ ಅದು ಕಳಚಿದ್ದರೆ ಟಿಲ್ಲರ್ ಸಮೇತ ಟ್ರೈಲರ್ ಯಾರ ಹೊಲಕ್ಕೆ ನುಗ್ಗುತ್ತಿತ್ತೋ. ಕೇಳಲು ಹೋದರೆ ‘ನೀವು ಜಾಸ್ತಿ ಭಾರ ಎಳೆದಿದ್ದೀರಿ’ ಎಂಬ ಉತ್ತರ. ಟ್ರೈಲರು, ಟಿಲ್ಲರು ಎರಡೂ ಸೇರಿ 750 ಕಿಲೋ ದಾಟುವುದಿಲ್ಲ. ಸ್ವಂತ ಬ್ರೇಕಿಲ್ಲದ ಟ್ರೈಲರಿಗೆ ಹಲವು ದೇಶಗಳಲ್ಲಿ ಇರುವ ಮಿತಿಯೇ ಅದು. ಅವತ್ತಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಟ್ರ್ಯಾಕ್ಟರ್ ಟ್ರೈಲರು ಕಟ್ಟುವ ಹಳೆಯ ಕುಲುಮೆಯವರೊಬ್ಬರು ಆ ಕೊಂಡಿಯನ್ನು ಕಿತ್ತು, ಚಾಸಿನ ಎರಡೂ ತೊಲೆಗಳಿಗೆ ದಪ್ಪ ಪಟ್ಟಿ ಕೂರಿಸಿ ಬೋಲ್ಟ್ ಹಾಕಿ ಹೊಸದು ಮಾಡಿಕೊಟ್ಟರು. ಕೊಂಡಿಯ ಎತ್ತರವನ್ನು ಟ್ರೈಲರಿನ ಮೂಗಿಗೆ ಸರಿಹೊಂದಿಸಿದರು. ಕೆಳಗೆ ಎರಡು ಸರಪಳಿ, ಅವೂ ನೇರವಾಗಿ ಅಲ್ಲ, ಅಡ್ಡಡ್ಡ ದಾಟಿಸಿ. ಕೊಂಡಿ ಕಳಚಿದರೂ ಟ್ರೈಲರಿನ ಮೂಗು ನೆಲಕ್ಕೆ ಕುಕ್ಕದೆ ಆ ಸರಪಳಿಗಳ ಮೇಲೆ ಕೂರುತ್ತದೆ. ಟಿಲ್ಲರನ್ನು ಎಲ್ಲಿ ನಿಲ್ಲಿಸಬೇಕೆಂದೂ ಅವರೇ ಗುರುತು ಹಾಕಿಕೊಟ್ಟರು: ಟ್ರೈಲರಿನ ಒಟ್ಟು ತೂಕದ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಸರಿದರೆ ವೇಗ ಹೆಚ್ಚಿದಂತೆ ಟ್ರೈಲರ್ ಬಾಲ ಬೀಸಲು ತೊಡಗುತ್ತದೆ, ಆಮೇಲೆ ಅದನ್ನು ಹಿಡಿಯುವುದು ಕಷ್ಟ. ಅವರು ತೆಗೆದುಕೊಂಡದ್ದು ಮೊದಲಿನವರ ಅರ್ಧದಷ್ಟು ಹಣ. ಅಂದಹಾಗೆ, ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು. ಪಿಕಪ್ಪಿನ ಕಾಗದ ತೋರಿಸಿದರೆ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ಮಾಲೀಕರು ಮುಂದೆ ಹಾಕಿಸಿದ್ದ ಉಕ್ಕಿನ ಬುಲ್ ಬಾರನ್ನೂ ಅವರಿಂದಲೇ ತೆಗೆಸಿದೆ. ಅದನ್ನು 2017ರ ಕೊನೆಯಲ್ಲೇ ನಿಷೇಧಿಸಿದ್ದಾರೆ, ಏರ್‌ಬ್ಯಾಗ್ ತೆರೆದುಕೊಳ್ಳುವುದಕ್ಕೂ ಅದು ಅಡ್ಡಿ.

ಡೀಸೆಲ್ ಲೆಕ್ಕ: ಹೆದ್ದಾರಿಯಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರಿನ ಆಸುಪಾಸು, ಟ್ರೈಲರ್ ಕಟ್ಟಿದರೆ ಒಂಬತ್ತು, ಗುಡ್ಡದ ದಾರಿಯದನ್ನು ನಾನು ಲೆಕ್ಕ ಹಾಕುವುದಿಲ್ಲ. ಸರ್ವೀಸಿಗೆ ಬೆಂಗಳೂರಿಗೆ ಹೋಗುತ್ತೇನೆ, ಒಂದು ದಿನ ಮುಳುಗುತ್ತದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಊರ ಹೊರಗೆ ಬಿಟ್ಟು ನಡೆದು ಬರುವುದೇ ವಾಸಿ. ಬಿಳಿ ನಂಬರ್ ಪ್ಲೇಟಿನ ಗಾಡಿಯಾದ್ದರಿಂದ ಬಾಡಿಗೆಗೆ ಓಡಿಸುವಂತಿಲ್ಲ. ಇದನ್ನು ಊರವರಿಗೆ ಅರ್ಥ ಮಾಡಿಸುವುದು ಕಷ್ಟ. ಬೋರ್‌ವೆಲ್ ಮೋಟಾರ್ ಸುಟ್ಟವರೆಲ್ಲ ರಾತ್ರಿಯೇ ಬಾಗಿಲು ತಟ್ಟುತ್ತಾರೆ. ಹಣ ತೆಗೆದುಕೊಳ್ಳುವ ಹಾಗಿಲ್ಲ, ಇಲ್ಲವೆನ್ನುವ ಹಾಗೂ ಇಲ್ಲ.

ಗುಡ್ಡಗಾಡು ಸುತ್ತುವ ಹವ್ಯಾಸಕ್ಕೆಂದೇ ಕೊಳ್ಳುವವರಿಗೆ ನನ್ನ ಅನುಭವ ಎಷ್ಟು ಉಪಯೋಗವೋ ಕಾಣೆ. ನಮ್ಮ ಜಿಲ್ಲೆಯ ಬಹಳಷ್ಟು ಗುಡ್ಡಗಳು ಅರಣ್ಯ ಇಲಾಖೆಯವು, ಅಲ್ಲಿಗೆ ಚಕ್ರ ಹಾಕಲು ಹೋಗಬೇಡಿ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಮರಳಿನಲ್ಲಿ ಟಯರಿನ ಗಾಳಿಯನ್ನು ಇಪ್ಪತ್ತು ಪಿಎಸ್‌ಐಗೆ ಇಳಿಸಿ ಓಡಿಸಿದ್ದೇನೆ, ಚೆನ್ನಾಗಿ ಹೋಗುತ್ತದೆ. ಮತ್ತೆ ಗಾಳಿ ತುಂಬಲು ಸಣ್ಣ ಕಂಪ್ರೆಸರ್ ಜೊತೆಗಿರಲಿ. ಕಾಲು ಟಯರು ಹೂತ ಮೇಲೆ ವೇಗ ಹೆಚ್ಚಿಸಿದರೆ ಅರ್ಧ ಹೂಳುತ್ತದೆ, ಅಷ್ಟೇ.

ಅಮ್ಮನಿಗೆ ಈ ಗಾಡಿಯನ್ನು ಕಂಡರಾಗದು. ಹತ್ತಲು ಎತ್ತರ, ಹಿಂದಿನ ಸೀಟಿನ ಬೆನ್ನು ನೆಟ್ಟಗೆ, ಮೇಲಿಂದ ಆ ಕುಲುಕಾಟ. ಹಿಂದಿನ ಸ್ಪ್ರಿಂಗಿನಿಂದ ಒಂದೊಂದು ಪಟ್ಟಿ ತೆಗೆಸಿದರೆ ಮೆತ್ತಗಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ. ಅಮ್ಮನ ಮುಂದೆಯೇ ಹೇಳಿದ, ಅದೇ ತೊಂದರೆಯಾಗಿದ್ದು. ಪಟ್ಟಿ ತೆಗೆದರೆ ಕೊಂಡಿಯ ಮೇಲೆ ಭಾರ ಬಿದ್ದಾಗ ಹಿಂಬದಿ ಕುಸಿಯುತ್ತದೆ, ಮುಂದಿನ ದೀಪಗಳು ಆಕಾಶ ನೋಡುತ್ತವೆ ಎಂದೆಲ್ಲ ವಿವರಿಸಿದೆ. ‘ನಿನಗೆ ಟಿಲ್ಲರೇ ಹೆಚ್ಚು’ ಎಂದಳು. ಪಟ್ಟಿಗಳು ಹಾಗೆಯೇ ಇವೆ. ಚಿಂತಾಮಣಿಯ ತಂಗಿಯ ಮನೆಗೆ ಅಮ್ಮ ಬಸ್ಸಿನಲ್ಲಿ ಹೋಗುತ್ತಾಳೆ, ಟಿಕೆಟ್ಟು ಉಚಿತ ಎಂದು ಬೇರೆ ಹೇಳಿಕೊಳ್ಳುತ್ತಾಳೆ.