ನೆನಪಿನ ಕೌದಿ ಮಾಡಿಸುವವರೇ, ಗಂಟು ಕೊಡುವ ಮುಂಚೆ ಇದನ್ನು ಓದಿ

ತೀರಿಹೋದವರ ಸೀರೆ, ಧೋತರ ಕೊಟ್ಟರೆ ಅದರಲ್ಲೇ ಕೌದಿ ಮಾಡಿಕೊಡುತ್ತೇವೆ ಅನ್ನುವ ಅಂಗಡಿಗಳಿವೆ. ವಾಟ್ಸಾಪಿನಲ್ಲಿ ಅವರು ಕಳಿಸುವ ಫೋಟೊ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಮಾಡಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಬಟ್ಟೆ ಗಂಟು ಅವರ ಕೈಗೆ ಹೋಗುವ ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಒಮ್ಮೆ ಓದಿ. ಅಂಗಡಿಯ ಹೆಸರು ಹಾಕುವುದಿಲ್ಲ. ಅದೊಂದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋದರೆ ಮುಗಿಯುವ ವಿಷಯ ಇದಲ್ಲ.

ನಮ್ಮದು ಅಕ್ಕಲಕೋಟೆ ತಾಲೂಕಿನ ಹಳ್ಳಿ. ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಇಲಕಲ್ ಸೀರೆಗಳು, ಖಣದ ಕುಪ್ಪಸಗಳು ಹಾಗೇ ಉಳಿದಿದ್ದವು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಹಿರಿಯರು ಅಂದರು. ನಮ್ಮ ವೈನಿ (ಅಣ್ಣನ ಹೆಂಡತಿ) ಕೇಳಲಿಲ್ಲ, ಕೌದಿ ಮಾಡಿಸೋಣ ಅಂದರು. ಮೊದಲೆಲ್ಲ ಕೌದಿ ಹೊಲಿಯುವ ಹೆಂಗಸರು ಮನೆ ಬಾಗಿಲಿಗೇ ಬರುತ್ತಿದ್ದರು. ಕಟ್ಟೆ ಮೇಲೆ ಹಾಸಿಕೊಂಡು ಕೂತರೆ ಯಾವ ತುಂಡು ಎಲ್ಲಿ ಹೋಯಿತು ಅಂತ ನಮ್ಮ ಕಣ್ಣಿಗೇ ಕಾಣುತ್ತಿತ್ತು. ಈಗ ಅವರು ನಮ್ಮೂರ ಕಡೆ ಬರುವುದಿಲ್ಲ. ಸರಿ, ಬಟ್ಟೆ 40 ಕಿ.ಮೀ. ದೂರದ ಸೋಲಾಪುರಕ್ಕೆ ಹೋಯಿತು.

"ಕಾಳಜಿ ಬಿಡ್ರಿ ಅಕ್ಕಾರ, ನಿಮ್ಮವ್ವನ ಮಡಿಲಾಗ ಮಲಗಿದಂಗ ಆಗತೈತಿ" ಅಂದ ಅಂಗಡಿಯವನು. ಇಂಥ ಮಾತು ಕಿವಿಗೆ ಬಿದ್ದರೆ ಸ್ವಲ್ಪ ಹುಷಾರಾಗಿ. ದುಃಖದಲ್ಲಿರುವವರು ಚೌಕಾಸಿ ಮಾಡುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ರಸೀದಿ ಕೇಳಿದ್ದಕ್ಕೆ 'ಕೌದಿ ಒಂದು, ಅಡ್ವಾನ್ಸ್ ಜಮಾ' ಅಂತ ಗೀಚಿ ಕೊಟ್ಟ. ಎಷ್ಟು ಸೀರೆ, ಯಾವ ಸೀರೆ, ಒಂದಕ್ಷರ ಇಲ್ಲ.

ಹೇಳಿದ ದಿನ ಕಳೆದು ಎಷ್ಟೋ ದಿನಕ್ಕೆ ಕೌದಿ ಬಂತು. ಕೈಗೆತ್ತಿಕೊಂಡ ಕೂಡಲೇ ಅನುಮಾನ. ಹೂವಿನಷ್ಟು ಹಗುರ! ನಮ್ಮ ಕಡೆಯ ಕೌದಿ ಭಾರ ಇರುತ್ತದೆ, ಒಳಗೆ ಹಳೆ ಸೀರೆ, ಧೋತರದ ಪದರ ಇರುತ್ತವಲ್ಲ. ಇದರ ಹೊಟ್ಟೆಯಲ್ಲಿ ಇದ್ದದ್ದು ಹತ್ತಿಯಂತೆ ಕಾಣುವ ಪಾಲಿಯೆಸ್ಟರ್ ನಾರು. ಒಳಗೆ ಹಾಕಲಿಕ್ಕೆಂದೇ ಕೊಟ್ಟಿದ್ದ ಅಪ್ಪನ ಧೋತರಗಳ ಸುಳಿವೇ ಇಲ್ಲ. ವೈನಿ ಅದನ್ನು ಪಡಸಾಲೆಯಲ್ಲಿ ಹಾಸಿ ಒಂದೊಂದೇ ಚೌಕದ ಮೇಲೆ ಕೈಯಾಡಿಸುತ್ತಾ ಹೋದರು. ನಡುವೆ ಗುಲಾಬಿ ಹೂವಿನ ನೈಟಿ ಬಟ್ಟೆ. ನಮ್ಮವ್ವ ಜನ್ಮದಲ್ಲಿ ನೈಟಿ ಹಾಕಿದವಳಲ್ಲ. ಅವಳ ಹಸಿರು ಸೀರೆಗೆ ಒಲೆಯ ಕಿಡಿ ಬಿದ್ದು ತೂತಾಗಿತ್ತು. ಹಸಿರು ದಾರ ಸಿಗದೆ ನೀಲಿ ದಾರದಲ್ಲಿ ರಫು ಮಾಡಿಕೊಂಡಿದ್ದಳು, ಕಾಳುಮೆಣಸಿನಷ್ಟು ಜಾಗ. ಆ ತುಂಡನ್ನು ಮಧ್ಯದಲ್ಲೇ ಕೂರಿಸಬೇಕು ಅಂತ ಬೆರಳಿಟ್ಟು ತೋರಿಸಿ ಬಂದಿದ್ದೆವು. ಅದು ಎಲ್ಲೂ ಇಲ್ಲ. ಹಾಳಾದ ಜಾಗ ಅಂತ ಕತ್ತರಿಸಿ ಎಸೆದನಂತೆ!

ಇಲಕಲ್ ಸೀರೆಯ ವಿಷಯ ಬೇರೆಯೇ ಹೇಳಬೇಕು. ಅದರ ಮೈ ಮತ್ತು ಸೆರಗು ಒಂದೇ ಹಾಸಿನದಲ್ಲ, ಅಂದರೆ ಎರಡರ ಉದ್ದದ ಎಳೆಗಳೇ ಬೇರೆ. ಮಗ್ಗದ ಮೇಲೆ ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಅವ್ವನ ಸೀರೆಗಳದು ನೂಲಿನ ಮೈ, ಆರ್ಟ್ ಸಿಲ್ಕಿನ ಕೆಂಪು ಸೆರಗು. ನಮ್ಮ ಅಂಗಡಿಯವನು ಸರಿಯಾಗಿ ಆ ಕೊಂಡಿಯ ಗೆರೆಯ ಪಕ್ಕದಲ್ಲೇ ಕತ್ತರಿ ಆಡಿಸಿದ್ದ. ಟೋಪತೆನಿ ಅನ್ನುವ ಆ ಕೆಂಪು ಸೆರಗಿನ ಚೌಕಗಳು ಅಂಚಿನಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡವು. ಆ ಗೆರೆ ಕೌದಿಯಲ್ಲಿ ಬರಬೇಕು ಅಂದರೆ ಎರಡೂ ಕಡೆ ಬಟ್ಟೆ ಬಿಟ್ಟು, ಕೆಳಗೆ ಗಟ್ಟಿ ನೂಲಿನ ಬಟ್ಟೆ ಕೊಟ್ಟು ಹೊಲಿಯಬೇಕು. ಆರ್ಟ್ ಸಿಲ್ಕ್ ಅಂದರೆ ರೇಯಾನ್. ಒದ್ದೆಯಾದರೆ ಅದರ ಬಲ ಇನ್ನೂ ಕಡಿಮೆಯಾಗುತ್ತದೆ.

ಒಗೆದಾಗ ಉಳಿದ ಮಾನವೂ ಹೋಯಿತು. ಕೆಂಪು ಸೆರಗು ಬಣ್ಣ ಬಿಟ್ಟು ಪಕ್ಕದ ಬಿಳಿ ಚೌಕಗಳೆಲ್ಲ ಗುಲಾಬಿಯಾದವು. ಕೇಳಿದರೆ "ಉಪ್ಪಿನ ನೀರಾಗ ನೆನಸಬೇಕಿತ್ತು" ಅಂತ ನಮಗೇ ಪಾಠ. ಉಪ್ಪು, ವಿನೆಗರ್ ಹಾಕಿದರೆ ಹಳೆ ಬಟ್ಟೆ ಬಣ್ಣ ಬಿಡುವುದು ನಿಂತುಬಿಡುತ್ತದೆ ಅನ್ನುವುದು ಸುಮ್ನೆ ಮಾತು, ನಂಬಬೇಡಿ. ಬಣ್ಣ ಹೋಗುತ್ತದಾ ಅಂತ ಕತ್ತರಿಸುವ ಮೊದಲೇ ನೋಡಬೇಕು. ಬಿಳಿ ಬಟ್ಟೆ ಒದ್ದೆ ಮಾಡಿ ಸೀರೆಯ ಒಳಮಗ್ಗುಲಲ್ಲಿ ಒತ್ತಿ ತಿಕ್ಕಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಂತೂ ಇದನ್ನು ಬಿಡಲೇಬೇಡಿ. ಬಣ್ಣ ಹತ್ತಿತೋ, ಆ ಬಟ್ಟೆಯನ್ನು ಬಿಳಿಯ ಪಕ್ಕ ಹಾಕಿಸಬೇಡಿ. ಅಕಸ್ಮಾತ್ ಒಗೆಯುವಾಗ ಬಣ್ಣ ಬಿಟ್ಟರೆ ಕೌದಿಯನ್ನು ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆ ಇರುವಾಗಲೇ ನೀರು ಬದಲಿಸುತ್ತಾ ಜಾಲಿಸಿ. ಒಣಗಿದ ಮೇಲೆ ಕಲೆ ಕೂತುಬಿಡುತ್ತದೆ.

ಬಟ್ಟೆ ಬದಲಾದದ್ದೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ್ದು. ಹೊಲಿಗೆ ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು, ಅಲ್ವಾ? ಯಾರದೋ ಮನೆಯ ಬಟ್ಟೆ ನಮ್ಮ ಕೌದಿಗೆ ಬಂದಿದೆ ಅಂದರೆ, ನಮ್ಮವ್ವನ ಸೀರೆ ಯಾರ ಮನೆಯ ಕೌದಿಯಲ್ಲಿದೆ? ಅವನ ಹತ್ತಿರ ಇದಕ್ಕೆ ಉತ್ತರವಿಲ್ಲ. ಉಳಿದ ತುಂಡು ಕೊಡು ಅಂದರೆ "ಚಿಂದಿ ಯಾರು ಇಟ್ಕೋತಾರ್ರಿ" ಅಂದ.

ಹಾಗಾಗಿ ಕೊಡುವವರು ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಜೀವ ಹೋದರೂ ಬಿಡಲಾರೆ ಅನ್ನುವ ಒಂದೆರಡು ಸೀರೆ ಮನೆಯಲ್ಲೇ ಇರಲಿ. ಕೊಡುವ ಪ್ರತಿ ಬಟ್ಟೆಯ ಅಂಚಿನಿಂದ ಬೆರಳಗಲ ತುಂಡು ಕತ್ತರಿಸಿ ಇಟ್ಟುಕೊಳ್ಳಿ, ಆಮೇಲೆ ಹೋಲಿಸಿ ನೋಡಲಿಕ್ಕೆ ಬೇಕು. ಬಟ್ಟೆಗಳ ಫೋಟೊ, ಪಟ್ಟಿ, ಒಳಗೆ ಏನು ತುಂಬುತ್ತಾರೆ, ಚಿಂದಿ ವಾಪಸ್ ಕೊಡುತ್ತಾರೋ ಇಲ್ಲವೋ, ಎಲ್ಲವೂ ರಸೀದಿಯಲ್ಲಿ ಬರಬೇಕು. ಅಷ್ಟು ಬರೆಯಲು ಮುಖ ಸಿಂಡರಿಸುವವನಿಗೆ ಕೆಲಸವೇ ಬೇಡ. ಮತ್ತೆ, ಹಿಂಬದಿಯ ಬಟ್ಟೆ ಮುಚ್ಚಿ ಹೊಲಿಯುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಆಮೇಲೆ ಒಳಗಿರುವುದು ಯಾರಿಗೂ ಕಾಣುವುದಿಲ್ಲ.

ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ನಾವೂ ಯೋಚಿಸಿದೆವು, ಆದರೆ ಆ ರಸೀದಿ ಹಿಡಿದುಕೊಂಡು ಏನಂತ ವಾದ ಮಾಡುವುದು?

ಈಗಾಗಲೇ ಬಟ್ಟೆ ಕೊಟ್ಟು ಬಂದಿದ್ದೀರಾ? ಹಾಗಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, ನಾಳೆಯೇ ಹೋಗಿ. ಇನ್ನೂ ಕತ್ತರಿ ತಾಗದ ಬಟ್ಟೆ ಇದ್ದರೆ ಎಣಿಸಿ ವಾಪಸ್ ತನ್ನಿ. ಅಡ್ವಾನ್ಸ್ ಹೋದರೆ ಹೋಗಲಿ.