ಮೂರು ಲೈವ್ ಆಲ್ಬಂ: ನನ್ನ ಓಟು ಅಂಡರ್‌ವರ್ಲ್ಡ್‌ಗೆ

ಎಲೆಕ್ಟ್ರಾನಿಕ್ ಸಂಗೀತದಲ್ಲಿ ‘ಲೈವ್’ ಅಂದರೆ ಏನು, ಗುಂಡಿ ಒತ್ತಿ ಕೈ ಎತ್ತುವುದೇ ಅಂತ ಗೆಳೆಯರು ಕಿಚಾಯಿಸುತ್ತಿರುತ್ತಾರೆ. ಅದಕ್ಕೇ ಪೆಂಡ್ಯುಲಮ್, ಡಾಫ್ಟ್ ಪಂಕ್, ಅಂಡರ್‌ವರ್ಲ್ಡ್ ಎಂಬ ಮೂರು ತಂಡಗಳ ಲೈವ್ ಆಲ್ಬಂಗಳನ್ನು ಒಂದೇ ಹೆಡ್‌ಫೋನ್‌ನಲ್ಲಿ ಬೆನ್ನುಬೆನ್ನಿಗೆ ಕೇಳಿದೆ.

ಮೊದಲು ಪೆಂಡ್ಯುಲಮ್, ‘ಲೈವ್ ಅಟ್ ಬ್ರಿಕ್ಸ್‌ಟನ್ ಅಕಾಡೆಮಿ’ (2009). ಆಸ್ಟ್ರೇಲಿಯಾದ ಪರ್ತ್‌ನಿಂದ ಬ್ರಿಟನ್‌ಗೆ ಬಂದ ಇವರ 2005ರ ಮೊದಲ ಆಲ್ಬಂ ಅಪ್ಪಟ ಡ್ರಮ್ ಆ್ಯಂಡ್ ಬೇಸ್, ಅಂದರೆ ಬಿರುಸಿನ ಡ್ರಮ್ ತಾಳ, ಅದರಡಿ ಗುಡುಗುವ ಬೇಸ್ ಇರುವ ಎಲೆಕ್ಟ್ರಾನಿಕ್ ಸಂಗೀತ. 2008ರ ಎರಡನೆಯದರಲ್ಲಿ ರಾಕ್ ನುಗ್ಗಿತು, ಮಡಿವಂತರು ಮುನಿಸಿಕೊಂಡರು. ವೇದಿಕೆಯಲ್ಲಿ ಮಾತ್ರ ಆ ರಾಕ್ ಸಾರ್ಥಕ. ಅಷ್ಟು ವೇಗದ ತಾಳವನ್ನು ಡ್ರಮ್ಮರ್ ಕೈಯಾರೆ ಬಾರಿಸುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಎಲ್ಲವೂ ಒಂದೇ ಕಾವಿನಲ್ಲಿ. ಅರ್ಧಕ್ಕೆ ಬರುವಷ್ಟರಲ್ಲಿ ಕಿವಿ ಸೋತಿತು.

ಡಾಫ್ಟ್ ಪಂಕ್‌ನ ‘ಅಲೈವ್ 2007’ ಪ್ಯಾರಿಸ್‌ನ ಬೆರ್ಸಿ ಸಭಾಂಗಣದಲ್ಲಿ ಧ್ವನಿಮುದ್ರಿಸಿದ್ದು. ತಮ್ಮ ಹಾಡುಗಳನ್ನೇ ಒಡೆದು, ಒಂದರ ಮೇಲೊಂದು ಹೇರಿ ಹೊಸದಾಗಿ ಕಟ್ಟಿದ್ದಾರೆ: 1997ರ ಆಲ್ಬಂನ ಹೌಸ್ (ಒಂದೇ ಸಮ ಬಡಿಯುವ ಕ್ಲಬ್ ಸಂಗೀತ), 2001ರದ್ದರ ಡಿಸ್ಕೋ, 2005ರದ್ದರ ಒರಟು ರಾಕ್. ಸ್ಟುಡಿಯೋದಲ್ಲಿ ಒಣಒಣ ಎನಿಸಿದ್ದ 2005ರ ಹಾಡುಗಳಿಗೆ ಇಲ್ಲಿ ಜೀವ ಬಂದಿದೆ. ಬುದ್ಧಿವಂತಿಕೆಯಲ್ಲಿ ಇದೇ ಮೊದಲು. ಆದರೂ ವೇದಿಕೆಯ ಮೇಲಿನ ಪಿರಮಿಡ್ಡಿನೊಳಗೆ, ರೋಬೋ ಹೆಲ್ಮೆಟ್ಟಿನಲ್ಲಿ ನಿಂತವರು ಆ ಕ್ಷಣಕ್ಕೆ ಏನಾದರೂ ಬದಲಿಸಿಯಾರು ಅನಿಸುವುದಿಲ್ಲ. ಎಲ್ಲ ಮೊದಲೇ ಪಕ್ಕಾ ಆದ ಹಾಗಿದೆ.

ನನಗೆ ಹಿಡಿಸಿದ್ದು ಅಂಡರ್‌ವರ್ಲ್ಡ್‌ನ ‘ಎವೆರಿಥಿಂಗ್, ಎವೆರಿಥಿಂಗ್’ (2000). ಕಾರ್ಲ್ ಹೈಡ್ ಮತ್ತು ರಿಕ್ ಸ್ಮಿತ್ 80ರ ದಶಕದಲ್ಲಿ ಸಿಂಥ್ ಪಾಪ್ (ಸಿಂಥಸೈಜರ್ ಮೇಲೆ ಕಟ್ಟಿದ ಪಾಪ್) ಮಾಡುತ್ತಿದ್ದವರು. ಡಿಜೆ ಡ್ಯಾರೆನ್ ಎಮರ್ಸನ್ ಸೇರಿದ ಮೇಲೆ ಟೆಕ್ನೋ ಎಂಬ ಯಾಂತ್ರಿಕ ಲಯದ ನೃತ್ಯ ಸಂಗೀತದ ಕಡೆ ಹೊರಳಿದರು. ಇಲ್ಲಿ ಸ್ಮಿತ್ ಧ್ವನಿಗಳನ್ನು ಬೆರೆಸುವ ಮಿಕ್ಸರನ್ನೇ ವಾದ್ಯದಂತೆ ನುಡಿಸುತ್ತಾನೆ. ಒಂದು ಬೇಸ್ ಎಳೆಯನ್ನು ತಡೆಹಿಡಿಯುತ್ತಾನೆ, ಜನ ಕಾಯುತ್ತಾರೆ, ಇನ್ನೂ ಬಿಡುವುದಿಲ್ಲ. ಅದರ ಮೇಲೆ ಹೈಡ್ ತುಂಡು ತುಂಡು ಮಾತುಗಳನ್ನು ಉರುಳಿಸುತ್ತಾನೆ. ನಮ್ಮ ಕಛೇರಿಗಳಲ್ಲಿ ನೆರವಲ್ ಮಾಡುವಾಗ ಒಂದೇ ಸಾಲು ಬೇರೆ ಬೇರೆ ಬಣ್ಣ ತಾಳುತ್ತದಲ್ಲ, ಹಾಗೆ. ‘ರೆಜ್’ ಹಾಡು ಮೆಲ್ಲಗೆ ‘ಕೌಗರ್ಲ್’ ಆಗುವ ಕೊನೆಯ ಟ್ರ್ಯಾಕನ್ನು ಮತ್ತೆ ಮತ್ತೆ ಹಾಕಿಕೊಂಡೆ. ಹೊಲಿಗೆ ಎಲ್ಲಿ ಬಿತ್ತೆಂದು ಇನ್ನೂ ಸಿಕ್ಕಿಲ್ಲ.

ಓಡುವಾಗ, ಜಿಮ್ಮಿನಲ್ಲಿ ಪೆಂಡ್ಯುಲಮ್ ಸಾಕು. ಪಾರ್ಟಿಗೆ ಡಾಫ್ಟ್ ಪಂಕ್, ಅದರಲ್ಲಿ ಎರಡನೇ ಮಾತಿಲ್ಲ. ಅಂಡರ್‌ವರ್ಲ್ಡ್ ಕೇಳಲು ಮಾತ್ರ ಪುರುಸೊತ್ತು ಬೇಕು, ಒಳ್ಳೆಯ ಹೆಡ್‌ಫೋನೂ ಬೇಕು. ಫೋನಿನ ಸ್ಪೀಕರಿನಲ್ಲಿ ಆ ಬೇಸ್ ಕೇಳಿಸುವುದೇ ಇಲ್ಲ.